ಬಿಳಿ ಚುಕ್ಕೆಗಳು ತಾವಾಗಿಯೇ ಮಾಯವಾದವು, ಆದರೂ ಬ್ಲೂ ಟ್ಯಾಂಗ್ ಮೀನು ಏದುಸಿರು ಬಿಡುತ್ತಿದೆ. ಏನು ಮಾಡಲಿ?

ನೀಲಿಗಾಜು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಯಾವ ವಿವರ ಮುಖ್ಯ, ಯಾವುದು ಅಲ್ಲ ಎಂಬುದು ನನಗೆ ತಿಳಿಯುತ್ತಿಲ್ಲ.

ನನ್ನದು 300 ಲೀಟರಿನ ಉಪ್ಪುನೀರಿನ ಟ್ಯಾಂಕ್. ಶುರು ಮಾಡಿ ನಾಲ್ಕು ವರ್ಷವಾಯಿತು. ಒಂದು ಜೋಡಿ ಕ್ಲೌನ್ ಮೀನು, ಒಂದು ಫೈರ್‌ಫಿಶ್, ಒಂದು ಕ್ಲೀನರ್ ಸಿಗಡಿ, ಐದಾರು ಬಸವನಹುಳು, ಲೈವ್ ರಾಕ್, ಅಂದರೆ ಸಮುದ್ರದ ಸಣ್ಣ ಜೀವಿಗಳು ನೆಲೆಸಿದ ಕಲ್ಲಿನ ಮೇಲೆ ಒಂದಿಷ್ಟು ಮೆತ್ತನೆಯ ಹವಳ. ಕ್ಲೌನ್ ಜೋಡಿ ಮೊದಲ ತಿಂಗಳಿನಿಂದಲೂ ಇದೆ. ಹೆಣ್ಣು ದೊಡ್ಡದು. ದೀಪ ಆರಿದ ಕೂಡಲೇ ಹಿಂಬದಿಯ ಎಡಮೂಲೆಗೆ, ಹೀಟರ್ ಪಕ್ಕಕ್ಕೆ ಹೋಗಿ, ಮರಳಿಗೆ ಹೆಚ್ಚುಕಡಿಮೆ ಹೊಟ್ಟೆ ತಾಗುವಷ್ಟು ಕೆಳಗೆ ವಾಲಿಕೊಂಡು ಮಲಗುತ್ತದೆ. ನಾಲ್ಕು ವರ್ಷದಲ್ಲಿ ಒಂದು ರಾತ್ರಿಯೂ ಜಾಗ ಬದಲಿಸಿದ್ದನ್ನು ನಾನು ಕಂಡಿಲ್ಲ.

19 ದಿನಗಳ ಹಿಂದೆ ಒಂದು ಪುಟ್ಟ ಬ್ಲೂ ಟ್ಯಾಂಗ್ ತಂದೆ. ಹೆಬ್ಬೆರಳಿನಷ್ಟು ಉದ್ದ. ಚುರುಕಾಗಿ ಈಜುತ್ತಿತ್ತು, ಹಾಕಿದ್ದನ್ನೆಲ್ಲ ತಿನ್ನುತ್ತಿತ್ತು. ಬೇರೆ ಟ್ಯಾಂಕಿನಲ್ಲಿ ಇಟ್ಟು ನೋಡದೆ ನೇರವಾಗಿ ಬಿಟ್ಟುಬಿಟ್ಟೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಕಳೆದ ಸೋಮವಾರ ಅದರ ಪಕ್ಕದ ಈಜುರೆಕ್ಕೆಗಳ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಂಡವು. ಕುಳಿತು ಎಣಿಸಿದೆ, ಹನ್ನೊಂದು. ಗುರುವಾರ ಬೆಳಿಗ್ಗೆ ಒಂದೂ ಇರಲಿಲ್ಲ. ಗುಣವಾಯಿತು ಎಂದು ನೆಮ್ಮದಿಯಾಯಿತು. ಇವತ್ತು ಮಂಗಳವಾರ, ಮೈತುಂಬ ಎಣಿಸಲಾಗದಷ್ಟು ಚುಕ್ಕೆ. ಹೆಣ್ಣು ಕ್ಲೌನಿನ ಬಾಲದ ಮೇಲೂ ಮೂರು ಕಾಣುತ್ತಿವೆ. ಟ್ಯಾಂಗ್ ಆಗಾಗ ಕಲ್ಲಿಗೆ ಮೈ ಉಜ್ಜುತ್ತದೆ. ಅದರ ಉಸಿರು ಕ್ಲೌನಿನ ಉಸಿರಿಗಿಂತ ಎರಡು ಪಟ್ಟು ವೇಗವಾಗಿದೆ. ತಿನ್ನುವುದನ್ನು ಮಾತ್ರ ಬಿಟ್ಟಿಲ್ಲ.

ನೀರಿನ ಪರೀಕ್ಷೆ: ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ. ಹವಳಕ್ಕೆ ತೊಂದರೆ ಮಾಡುವುದಿಲ್ಲ ಎಂದು ಬರೆದಿರುವ ಒಂದು ದ್ರಾವಣ ಕೈಯಲ್ಲಿದೆ. ಟ್ಯಾಂಕಿಗೆ ಅದನ್ನು ಸುರಿಯಲೇ? ಚುಕ್ಕೆಗಳು ಒಮ್ಮೆ ತಾವಾಗಿಯೇ ಹೋದವಲ್ಲ, ಮತ್ತೆ ಹೋಗುವುದಿಲ್ಲವೇ? ಆ ಕ್ಲೌನ್ ಜೋಡಿಯನ್ನು ಕಳೆದುಕೊಳ್ಳುವುದನ್ನು ನನಗೆ ಊಹಿಸಿಕೊಳ್ಳಲೂ ಆಗುತ್ತಿಲ್ಲ.


ಉಪ್ಪುಹನಿ:

ನೀವು ಎಣಿಸಿ, ವಾರ ಸಮೇತ ಬರೆದದ್ದು ತುಂಬ ಒಳ್ಳೆಯದಾಯಿತು. ಉತ್ತರ ಆ ಲೆಕ್ಕದಲ್ಲೇ ಇದೆ. ಗುರುವಾರ ನಿಮ್ಮ ಮೀನು ಗುಣವಾಗಿರಲಿಲ್ಲ. ಆ ದಿನ ರೋಗ ಮೀನಿನ ಮೈಯಿಂದ ಇಳಿದು ನಿಮ್ಮ ಮರಳಿಗೆ ಹೋಯಿತು.

ನೀವು ಹೇಳುವ ಚುಕ್ಕೆ ಬಹುತೇಕ ಮರೀನ್ ಇಚ್. ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರಾವಲಂಬಿ. ಅದು ಚರ್ಮದ ಮೇಲ್ಪದರದ ಅಡಿಯಲ್ಲಿ ಹೊಕ್ಕು ಕುಳಿತು ಮೀನನ್ನು ಮೇಯುತ್ತದೆ, ನಮಗೆ ಕಾಣುವುದು ಆ ಉಬ್ಬು. ಮೂರರಿಂದ ಏಳು ದಿನ ಮೇದ ಮೇಲೆ ತಾನಾಗಿಯೇ ಕಳಚಿಕೊಂಡು, ಮರಳಿಗೋ ಕಲ್ಲಿಗೋ ಗಾಜಿಗೋ ಅಂಟಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶದೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರರ ಲೆಕ್ಕದಲ್ಲಿ ಒಡೆಯುತ್ತದೆ. ನಂತರ ಹೊರಬಿದ್ದು ಮೀನನ್ನು ಹುಡುಕಿಕೊಂಡು ಈಜುತ್ತದೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತದೆ. ನಿಮ್ಮ ಸೋಮವಾರದ ಹನ್ನೊಂದು ಚುಕ್ಕೆ ಇವತ್ತು ಎಣಿಸಲಾಗದಷ್ಟಾದದ್ದು ಹೀಗೆ. ಕೋಶಗಳೆಲ್ಲ ಒಟ್ಟಿಗೆ ಒಡೆಯುವುದಿಲ್ಲ ಎಂಬುದೇ ಇದರ ಕೆಟ್ಟ ಗುಣ. ಕೆಲವು ಮೂರನೆಯ ದಿನ ಒಡೆದರೆ ಕೆಲವು ವಾರಗಟ್ಟಲೆ ಕಾಯುತ್ತವೆ. ಪ್ರಯೋಗಗಳಲ್ಲಿ 72 ದಿನದವರೆಗೂ ಕಾದದ್ದು ದಾಖಲಾಗಿದೆ.

ನಿಮ್ಮ ಹೆಣ್ಣು ಕ್ಲೌನ್ ಮಲಗುವ ಮೂಲೆಯ ಬಗ್ಗೆ ಓದಿದಾಗ ನನಗೆ ಕಸಿವಿಸಿಯಾಯಿತು. ಈ ಕೋಶಗಳು ಒಡೆಯುವುದು ಹೆಚ್ಚಾಗಿ ಕತ್ತಲಲ್ಲಿ, ಮೀನುಗಳು ಕಲ್ಲಿನ ಸಂದಿಯಲ್ಲಿ, ಮರಳಿನ ಹತ್ತಿರ ಅಲುಗಾಡದೆ ಮಲಗಿರುವ ಹೊತ್ತಿನಲ್ಲಿ. ಮೇದದ್ದು ಕಳಚಿ ಬೀಳುವುದೂ ಬಹುಮಟ್ಟಿಗೆ ಅದೇ ಹೊತ್ತಿನಲ್ಲಿ. ದಿನವೂ ಒಂದೇ ಜಾಗದಲ್ಲಿ ಮಲಗುವ ಮೀನು ತನ್ನ ಹಾಸಿಗೆಯಲ್ಲೇ ರೋಗವನ್ನು ಸಾಕಿದಂತೆ. ನನ್ನ ಹಳೆಯ ಟ್ಯಾಂಕಿನಲ್ಲಿ ಆದದ್ದೂ ಇದೇ. ಆರು ವರ್ಷದ ಹಿಂದೆ, ಮೂರು ಸಲ ಚುಕ್ಕೆ ಬಂದು ಮೂರು ಸಲ ಹೋಯಿತು. ಪ್ರತಿ ಸಲವೂ ಗೆದ್ದೆ ಎಂದುಕೊಂಡೆ. ನಾಲ್ಕನೆಯ ಸಲ ಐದು ದಿನದಲ್ಲಿ ನಾಲ್ಕು ಮೀನು ಹೋದವು. ಕೊನೆಯ ಮೀನಿನ ಮೈಮೇಲೆ ಹೆಚ್ಚು ಚುಕ್ಕೆಯೇ ಇರಲಿಲ್ಲ. ಸತ್ತ ಮೇಲೆ ಕಿವಿರಿನ ಮುಚ್ಚಳ ಎತ್ತಿ ನೋಡಿದೆ. ಕೆಂಪಗಿರಬೇಕಾದ ಎಳೆಗಳು ಬಿಳಿಚಿಕೊಂಡು, ಲೋಳೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂದಿನಿಂದ ನಾನು ಚುಕ್ಕೆ ಎಣಿಸುವುದಕ್ಕಿಂತ ಮೊದಲು ಉಸಿರು ಎಣಿಸುತ್ತೇನೆ.

ಅದಕ್ಕೇ ನಿಮ್ಮನ್ನು ಕೆಲವು ವಿಷಯ ಕೇಳಬೇಕು, ಇವತ್ತೇ ನೋಡಿ ಹೇಳಿ. ಟ್ಯಾಂಗ್ ವೇವ್ ಮೇಕರ್‌ನ ಹರಿವಿಗೆ ಮುಖ ಕೊಟ್ಟು ನಿಲ್ಲುತ್ತದೆಯೇ? ಬೆಳಕಿಗೆ ಬೆದರುತ್ತದೆಯೇ? ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ ಮೈಮೇಲೆ ಕಾಣುವುದು ಬಿಡಿಬಿಡಿ ಹರಳೋ, ಅಥವಾ ನುಣ್ಣನೆಯ ಹುಡಿ ಉದುರಿಸಿದಂಥ ಮಬ್ಬೋ? ಹುಡಿಯಂತಿದ್ದರೆ ಅದು ವೆಲ್ವೆಟ್. ಅಮೈಲೂಡಿನಿಯಂ ಎಂಬ ಬೇರೆಯೇ ಜೀವಿ, ಎರಡು ಮೂರು ದಿನದಲ್ಲಿ ಟ್ಯಾಂಕನ್ನೇ ಖಾಲಿ ಮಾಡಬಲ್ಲದು. ಕ್ಲೌನಿನ ಮೈಯಿಂದ ಲೋಳೆ ಪೊರೆಪೊರೆಯಾಗಿ ಜಾರುತ್ತಿದೆಯೇ ಎಂಬುದನ್ನೂ ನೋಡಿ. ಹಾಗಿದ್ದರೆ ಅದು ಬ್ರೂಕ್ಲಿನೆಲ್ಲಾ ಎಂಬ ಇನ್ನೊಂದು ಪರಾವಲಂಬಿ, ಅದಕ್ಕೆ ತಾಮ್ರದ ಮದ್ದು ನಾಟುವುದಿಲ್ಲ, ಫಾರ್ಮಲಿನ್ ಬೇಕು. ಇಚ್ ಮತ್ತು ವೆಲ್ವೆಟ್ ಎರಡಕ್ಕೂ ತಾಮ್ರ ಕೆಲಸ ಮಾಡುತ್ತದೆ. ಹೀಗಾಗಿ ಅವೆರಡರ ನಡುವೆ ಅನುಮಾನವಿದ್ದರೆ ಕೂತು ಚರ್ಚಿಸಬೇಡಿ, ತಾಮ್ರದ ಮದ್ದು ಹಾಕುವ ಬೇರೆ ಟ್ಯಾಂಕ್ ಕಟ್ಟಲು ಎದ್ದುಬಿಡಿ.

ಕೈಯಲ್ಲಿರುವ ದ್ರಾವಣವನ್ನು ದಯವಿಟ್ಟು ಸುರಿಯಬೇಡಿ. ಮೀನುಗಳನ್ನು, ಎಲ್ಲ ಮೀನುಗಳನ್ನೂ, ಹೊರಗೆ ತೆಗೆಯಬೇಕು. ಚುಕ್ಕೆ ಕಾಣದ ಫೈರ್‌ಫಿಶ್ ಕೂಡ ಹೊರಗೆ. ಒಂದೇ ಒಂದು ಮೀನು ಒಳಗೆ ಉಳಿದರೂ ರೋಗಕ್ಕೆ ಊಟ ಉಳಿದ ಹಾಗೆ. ನಿಮ್ಮ ಉತ್ತರ ಬಂದ ಮೇಲೆ ಉಳಿದದ್ದನ್ನು ಬರೆಯುತ್ತೇನೆ.


ಹವಳಪ್ರಿಯ:

ಉಪ್ಪುಹನಿಯವರ ಮಾತಿಗೆ ಸ್ವಲ್ಪ ಬೇರೆ ದನಿ. ನನ್ನ ಟ್ಯಾಂಕಿನಲ್ಲಿ ಇಚ್ ಇದೆ ಎಂದು ನನಗೆ ಗೊತ್ತಿದೆ, ಆದರೂ ಮೀನುಗಳು ಐದು ವರ್ಷದಿಂದ ಚೆನ್ನಾಗಿವೆ. ಒಮ್ಮೆ ಸೋಂಕಿಗೆ ಸಿಕ್ಕಿ ಬದುಕಿದ ಮೀನಿಗೆ ರೋಗನಿರೋಧಕ ಶಕ್ತಿ ಬರುತ್ತದೆ, ಕೆಲವು ತಿಂಗಳು ಉಳಿಯುತ್ತದೆ. ದಿನಕ್ಕೆ ಮೂರು ಸಲ ಒಳ್ಳೆಯ ಆಹಾರ, ನೀರು ಶುದ್ಧ ಮಾಡುವ ದೊಡ್ಡ ಯುವಿ ದೀಪ, ಜಗಳವಿಲ್ಲದ ಟ್ಯಾಂಕ್, ಇಷ್ಟೇ ನನ್ನ ಚಿಕಿತ್ಸೆ. ಮೀನು ಹಿಡಿಯಲು ಕಲ್ಲುಗಳನ್ನೆಲ್ಲ ಕಿತ್ತು ಹಾಕುವುದು, ಚಿಕ್ಕ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಕೂಡಿಹಾಕುವುದು, ತಾಮ್ರ ಕುಡಿಸುವುದು, ಇವೂ ಮೀನನ್ನು ಕೊಲ್ಲುತ್ತವೆ. ಕೊಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.


ಉಪ್ಪುಹನಿ:

ಹವಳಪ್ರಿಯರು ಹೇಳಿದ್ದು ಸುಳ್ಳಲ್ಲ. ಚಿಕಿತ್ಸೆಯ ಟ್ಯಾಂಕನ್ನು ಅರ್ಧಮರ್ಧ ಕಟ್ಟಿದರೆ ಅದು ರೋಗಕ್ಕಿಂತ ಬೇಗ ಕೊಲ್ಲುತ್ತದೆ. ಚುಕ್ಕೆ ಒಂದೆರಡೇ ಇದ್ದು, ಉಸಿರು ಸರಿಯಿದ್ದು, ಇನ್ನು ಹೊಸ ಮೀನು ತರುವುದೇ ಇಲ್ಲ ಎನ್ನುವವರಿಗೆ ಅವರ ದಾರಿಯನ್ನು ನಾನು ಬೇಡ ಎನ್ನುವುದಿಲ್ಲ. ಇಲ್ಲಿ ಉಸಿರು ಎರಡು ಪಟ್ಟಾಗಿದೆ. ಮೀನು ಬ್ಲೂ ಟ್ಯಾಂಗ್, ಇಚ್‌ಗೆ ಎಲ್ಲರಿಗಿಂತ ಮೊದಲು ಸೋಲುವ ಜಾತಿ. ಯುವಿ ದೀಪ ತನ್ನ ಕೊಳವೆಯೊಳಗೆ ಹಾದುಹೋದದ್ದನ್ನು ಮಾತ್ರ ಸುಡುತ್ತದೆ. ಮೂಲೆಯಲ್ಲಿ ಮಲಗಿದ ಕ್ಲೌನಿಗೂ ಅದರ ಪಕ್ಕದ ಮರಳಿಗೂ ನಡುವೆ ಎರಡು ಬೆರಳಿನ ಅಂತರ. ಆ ಅಂತರಕ್ಕೆ ಯುವಿ ಏನು ಮಾಡೀತು?


ಅಲೆಗಣ್ಣು:

ಆ ದ್ರಾವಣದ ಬಗ್ಗೆ ಒಂದು ಮಾತು. ಹವಳವೂ ಸಿಗಡಿಯೂ ಏಕಕೋಶಜೀವಿಯೂ ಒಂದೇ ನೀರಿನಲ್ಲಿವೆ. ಪರಾವಲಂಬಿಯನ್ನು ಕೊಲ್ಲುವಷ್ಟು ಖಾರವಾದ ಮದ್ದು ಉಳಿದವನ್ನು ಮುಟ್ಟದೆ ಬಿಡುತ್ತದೆ ಎಂದು ನಂಬಿ ನಾನೂ ಮೂರು ಬಾಟಲಿ ಖಾಲಿ ಮಾಡಿದ್ದೇನೆ. ಆ ಮೂರು ವಾರ ಹೋದದ್ದು ಮರಳಿ ಬರಲಿಲ್ಲ. ಕ್ಲೀನರ್ ಸಿಗಡಿ ಇಚ್ ತಿಂದು ಮುಗಿಸುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಚರ್ಮದ ಒಳಗೆ ಹೊಕ್ಕದ್ದನ್ನು ಅದು ಹೇಗೆ ಕೀಳುತ್ತದೆ?

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬ್ಲೂ ಟ್ಯಾಂಗ್ ಬೆಳೆದರೆ 30 ಸೆಂಟಿಮೀಟರ್ ಹತ್ತಿರ ಹೋಗುತ್ತದೆ. 300 ಲೀಟರ್ ಅದಕ್ಕೆ ಬಾಳುವ ಜಾಗವಲ್ಲ. ಗುಣವಾದ ಮೇಲೆ ದೊಡ್ಡ ಟ್ಯಾಂಕ್ ಇರುವವರನ್ನು ಹುಡುಕಿ.


ನೀಲಿಗಾಜು:

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ದೀಪ ಆರಿಸಿ ಟಾರ್ಚ್ ಹಿಡಿದು ನೋಡಿದೆ. ಹುಡಿಯಲ್ಲ, ಬಿಡಿಬಿಡಿ ಹರಳು. ಒಂದೊಂದರ ಸುತ್ತ ಚರ್ಮ ತುಸು ಉಬ್ಬಿದೆ. ಕ್ಲೌನಿನಲ್ಲಿ ಲೋಳೆ ಇಲ್ಲ. ಟ್ಯಾಂಗ್ ಹರಿವಿನ ಎದುರು ನಿಲ್ಲುವುದಿಲ್ಲ, ಆದರೆ ಕಲ್ಲಿನ ಹಿಂದೆ ಅಡಗಿ ಬಾಯಿ ತೆರೆದೇ ಉಸಿರಾಡುತ್ತದೆ. ಮೂಲೆಯ ಮಾತು ಓದಿದ ಮೇಲೆ ಕ್ಲೌನ್ ಅಲ್ಲಿಗೆ ಹೋಗಿ ಮಲಗುವುದನ್ನು ನೋಡಲಾಗಲಿಲ್ಲ. ಅರ್ಧರಾತ್ರಿಯವರೆಗೂ ಕೋಣೆಯ ದೀಪ ಹಾಕಿ ಕುಳಿತಿದ್ದೆ.

ಎಲ್ಲ ಮೀನು ತೆಗೆಯಲು ನಿರ್ಧರಿಸಿದ್ದೇನೆ. 80 ಲೀಟರಿನ ಖಾಲಿ ಗಾಜಿನ ಟ್ಯಾಂಕ್ ಇದೆ. ಮುಂದೆ ಹೇಗೆ?


ಉಪ್ಪುಹನಿ:

ಸರಿ. ಎಲ್ಲಿ ಜನ ಸೋಲುತ್ತಾರೋ ಆ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಟ್ಯಾಂಕ್ ಬರಿದಾಗಿರಲಿ. ಮರಳು ಬೇಡ, ಕಲ್ಲು ಬೇಡ, ಎರಡೂ ತಾಮ್ರವನ್ನು ಹೀರಿಕೊಳ್ಳುತ್ತವೆ. ಅಡಗಲು ಪಿವಿಸಿ ಪೈಪಿನ ತುಂಡುಗಳು, ಮೀನಿಗೊಂದರಂತೆ. ಹೀಟರ್, ಗಾಳಿಕಲ್ಲು, ಸ್ಪಂಜ್ ಫಿಲ್ಟರ್. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಅದು ಮದ್ದನ್ನು ಕುಡಿಯುತ್ತದೆ. ಮೇಲೆ ಬಲೆಯ ಮುಚ್ಚಳ ಕಡ್ಡಾಯ. ಫೈರ್‌ಫಿಶ್ ಹೆದರಿದರೆ ನೇರ ಮೇಲಕ್ಕೆ ಚಿಮ್ಮುವ ಮೀನು.

ಈಗ ನೀರಿನ ಅಳತೆ. 80 ಲೀಟರಿನ ಟ್ಯಾಂಕಿನಲ್ಲಿ 80 ಲೀಟರ್ ನೀರು ಇರುವುದಿಲ್ಲ. ಗುರುತು ಹಾಕಿದ ಬಕೆಟಿನಿಂದ ಅಳೆದೇ ತುಂಬಿಸಿ, ಒಟ್ಟು ಬರೆದಿಟ್ಟುಕೊಳ್ಳಿ. ಇಂಥ ಸಂದರ್ಭಕ್ಕೆ ನಾನು ಬಳಸುವುದು ಚೀಲೇಟೆಡ್ ತಾಮ್ರ, ಅಂದರೆ ಬೇರೆ ಅಣುಗಳಿಗೆ ಕಟ್ಟಿಹಾಕಿದ ತಾಮ್ರ, ಲೀಟರಿಗೆ 2.25 ಮಿಲಿಗ್ರಾಂ ಮಟ್ಟದಲ್ಲಿ. ಉದಾಹರಣೆಗೆ ನೀರು 68 ಲೀಟರ್ ಎಂದಾದರೆ ಒಟ್ಟು 153 ಮಿಲಿಗ್ರಾಂ ತಾಮ್ರ. ಒಮ್ಮೆಗೇ ಹಾಕದೆ ನಾಲ್ಕು ಪಾಲು ಮಾಡಿ ಎರಡು ದಿನದಲ್ಲಿ ಏರಿಸಿ. ಬಾಟಲಿಯ ಮೇಲಿನ ಮಟ್ಟ ಬೇರೆ ಇದ್ದರೆ ಬಾಟಲಿಯದೇ ಸರಿ, ಏಕೆಂದರೆ ಹಾಗೆ ಕಟ್ಟಿಹಾಕದ ಅಯಾನಿಕ್ ತಾಮ್ರದ ಮಟ್ಟ ಇದಕ್ಕಿಂತ ತುಂಬ ಕಡಿಮೆ. ಅದನ್ನು ಈ ಅಳತೆಯಲ್ಲಿ ಹಾಕಿದರೆ ಮೀನು ಉಳಿಯುವುದಿಲ್ಲ. ಪರೀಕ್ಷೆಯ ಕಿಟ್ ಕೂಡ ನೀವು ಹಾಕಿದ ಬಗೆಯ ತಾಮ್ರವನ್ನು ಅಳೆಯುವಂಥದ್ದೇ ಆಗಿರಬೇಕು. ದಿನಕ್ಕೊಮ್ಮೆ ಅಳೆಯಿರಿ. ಮಟ್ಟ ಒಂದು ದಿನ ಕುಸಿದರೂ ಅಲ್ಲಿಂದ ಮತ್ತೆ ಒಂದನೆಯ ದಿನ. ಮಟ್ಟ ಮುಟ್ಟಿದ ದಿನದಿಂದ 30 ದಿನ.

ಮೊದಲ ವಾರ ಚುಕ್ಕೆ ಹೋಗದಿದ್ದರೆ ಗಾಬರಿಯಾಗಬೇಡಿ, ಹೆಚ್ಚಾದರೂ ಗಾಬರಿಯಾಗಬೇಡಿ. ತಾಮ್ರ ಕೊಲ್ಲುವುದು ನೀರಿನಲ್ಲಿ ಈಜುತ್ತಿರುವ ಮರಿಗಳನ್ನು ಮಾತ್ರ. ಚರ್ಮದೊಳಗೆ ಕುಳಿತದ್ದನ್ನೂ ಕೋಶದೊಳಗೆ ಇರುವುದನ್ನೂ ಅದು ಮುಟ್ಟಲಾರದು. ಅವು ಹೊರಗೆ ಬರುವವರೆಗೆ ನಾವು ಬಾಗಿಲಲ್ಲಿ ಕಾದು ಕುಳಿತಿರಬೇಕು.

ಹವಳಪ್ರಿಯರು ಹೇಳಿದ ಸಾವುಗಳಲ್ಲಿ ಹೆಚ್ಚಿನವು ಅಮೋನಿಯಾದಿಂದ ಆಗಿರುತ್ತವೆ ಎಂದು ನನ್ನ ಊಹೆ. ಬರಿದಾದ ಟ್ಯಾಂಕಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದಿಲ್ಲ. ನಿಮ್ಮ ಸಂಪ್‌ನಲ್ಲಿ, ಅಂದರೆ ದೊಡ್ಡ ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ, ಹಳೆಯ ಸ್ಪಂಜ್ ಇದ್ದರೆ ಅದನ್ನೇ ಇದಕ್ಕೆ ತನ್ನಿ. ಅದರಲ್ಲಿ ಇಚ್ ಇದ್ದರೂ ಪರವಾಗಿಲ್ಲ, ತಾಮ್ರವಿದೆ. ಬೆಳಿಗ್ಗೆ ಸಂಜೆ ಅಮೋನಿಯಾ ನೋಡಿ. ಏರಿದರೆ ನೀರು ಬದಲಿಸುವುದೊಂದೇ ದಾರಿ. ಅಮೋನಿಯಾವನ್ನು ಕಟ್ಟಿಹಾಕುವ ದ್ರಾವಣಗಳನ್ನು ತಾಮ್ರದ ನೀರಿಗೆ ಹಾಕಬೇಡಿ, ಅವುಗಳಲ್ಲಿ ಹಲವು ತಾಮ್ರವನ್ನೇ ಇನ್ನಷ್ಟು ವಿಷ ಮಾಡುತ್ತವೆ. ಬದಲಿಸುವ ಹೊಸ ನೀರಿಗೂ ಅದೇ ಪ್ರಮಾಣದ ತಾಮ್ರ ಮೊದಲೇ ಬೆರೆತಿರಬೇಕು. 25 ಲೀಟರ್ ಬದಲಿಸಿದರೆ 56 ಮಿಲಿಗ್ರಾಂ. ಇದನ್ನು ಮರೆತು ಬರೀ ಉಪ್ಪುನೀರು ಸುರಿದು ಹದಿನೈದು ದಿನದ ಕೆಲಸ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಸಿಗಡಿ, ಬಸವನಹುಳು, ಹವಳ ದೊಡ್ಡ ಟ್ಯಾಂಕಿನಲ್ಲೇ ಇರಲಿ. ಇಚ್ ಅವುಗಳನ್ನು ಹಿಡಿಯುವುದಿಲ್ಲ, ತಾಮ್ರ ಹಿಡಿಯುತ್ತದೆ. ಕೊನೆಯ ಮೀನು ಹೊರಬಂದ ದಿನದಿಂದ 76 ದಿನ ಅಲ್ಲಿ ಮೀನು ಇರಬಾರದು. ದೀರ್ಘ ಎಂದು ಗೊತ್ತು. 72ರ ಮೇಲೆ ನಾಲ್ಕು ದಿನ ಸೇರಿಸಿದ ಲೆಕ್ಕ ಅದು. ನಿಮ್ಮ ನೀರಿನ ಉಷ್ಣತೆಯಲ್ಲಿ ಬೇಗ ಮುಗಿಯಬಹುದು, ಕಡಿಮೆ ದಿನದಲ್ಲಿ ಗೆದ್ದವರೂ ಇದ್ದಾರೆ. ನಾಲ್ಕು ಮೀನು ಕಳೆದುಕೊಂಡ ಮೇಲೆ ನಾನು ಆ ಲೆಕ್ಕದಲ್ಲಿ ಚೌಕಾಸಿ ಮಾಡುವುದನ್ನು ಬಿಟ್ಟಿದ್ದೇನೆ. ಎರಡು ಟ್ಯಾಂಕಿಗೂ ಬಲೆ, ಬಕೆಟ್, ಸೈಫನ್ ಪೈಪು ಬೇರೆಬೇರೆ ಇರಲಿ. ಒದ್ದೆ ಕೈಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಬೇಡಿ.

ಟ್ಯಾಂಗನ್ನು ಸಾಗಿಸುವಾಗ ಐದು ನಿಮಿಷ ಸಿಹಿನೀರಿನ ಸ್ನಾನ ಮಾಡಿಸಿ. ಉಷ್ಣತೆ ಮತ್ತು ಪಿಎಚ್ ಟ್ಯಾಂಕಿನಷ್ಟೇ ಇರಲಿ, ಗಾಳಿಕಲ್ಲು ಓಡುತ್ತಿರಲಿ, ಕಣ್ಣು ಬೇರೆಡೆ ಹೋಗದಿರಲಿ. ಇದರಿಂದ ಇಚ್ ಹೋಗುವುದಿಲ್ಲ. ಫ್ಲೂಕ್ ಎಂಬ ಪರಾವಲಂಬಿ ಹುಳುಗಳಿದ್ದರೆ ಮಾತ್ರ ಬಿಳಿಚಿಕೊಂಡು ಬಕೆಟಿನ ತಳಕ್ಕೆ ಬೀಳುತ್ತವೆ, ಅದು ಗೊತ್ತಾಗಲಿ ಎಂದು.


ನೀಲಿಗಾಜು:

ಆರನೆಯ ದಿನದ ವರದಿ.

ಕ್ಲೌನ್ ಜೋಡಿ ಮತ್ತು ಟ್ಯಾಂಗ್ ಮೊದಲ ಸಂಜೆಯೇ ಸಿಕ್ಕವು. ಫೈರ್‌ಫಿಶ್ ಹಿಡಿಯಲು ಎರಡು ದಿನ ಬೇಕಾಯಿತು. ಮುಕ್ಕಾಲು ಪಾಲು ನೀರು ತೆಗೆದು, ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಬಕೆಟಿನಲ್ಲಿಟ್ಟೆ. ಕೊನೆಯ ಕಲ್ಲಿನ ತೂತಿನಲ್ಲಿ ಬಾಲದ ತುದಿ ಮಾತ್ರ ಕಾಣುತ್ತಿತ್ತು. ಹಾಗಾಗಿ 76ರ ಎಣಿಕೆಯನ್ನು ಮೂರನೆಯ ದಿನದಿಂದ ಶುರು ಮಾಡಿದ್ದೇನೆ. ಬಕೆಟಿನ ತಳದಲ್ಲಿ ಫ್ಲೂಕ್ ಏನೂ ಬೀಳಲಿಲ್ಲ. ಐದು ನಿಮಿಷ ಟ್ಯಾಂಗ್ ಒಂದು ಬದಿಗೆ ವಾಲಿ ಮಲಗಿತ್ತು. ಆ ಐದು ನಿಮಿಷ ನಾನೂ ಉಸಿರು ಬಿಟ್ಟಿರಲಿಲ್ಲ.

ನೀರು ಅಳೆದಾಗ 66 ಲೀಟರ್ ಬಂತು. ತಾಮ್ರ ಈಗ 2.2ರಲ್ಲಿದೆ. ನಾಲ್ಕನೆಯ ದಿನ ಅಮೋನಿಯಾ 0.5ಕ್ಕೆ ಏರಿತು. ಸಂಪ್‌ನ ಸ್ಪಂಜ್ ಹಾಕಿದ್ದರೂ ಸಾಲಲಿಲ್ಲ. ಎರಡು ದಿನ ಬೆಳಿಗ್ಗೆ ಸಂಜೆ ನೀರು ಬದಲಿಸಿದೆ, ತಾಮ್ರ ಬೆರೆಸಿಯೇ. ಈಗ ಇಳಿದಿದೆ.

ಇವತ್ತು ಯಾವ ಮೀನಿನ ಮೇಲೂ ಚುಕ್ಕೆ ಇಲ್ಲ! ಟ್ಯಾಂಗಿನ ಉಸಿರೂ ನಿಧಾನವಾಗಿದೆ. ಗಂಡು ಕ್ಲೌನ್ ಮಾತ್ರ ಮಂಕಾಗಿದೆ, ಆಹಾರವನ್ನು ಬಾಯಿಗೆ ತೆಗೆದುಕೊಂಡು ಉಗುಳುತ್ತದೆ. ಇಷ್ಟು ಬೇಗ ಗುಣವಾಗಿದೆಯಲ್ಲ, ತಾಮ್ರವನ್ನು 15 ದಿನಕ್ಕೆ ನಿಲ್ಲಿಸಬಹುದೇ?


ಉಪ್ಪುಹನಿ:

ನಿಮ್ಮ ಮೊದಲ ಗುರುವಾರವನ್ನು ನೆನಪಿಸಿಕೊಳ್ಳಿ. ಅಂದೂ ಚುಕ್ಕೆ ಇರಲಿಲ್ಲ.

ಹದಿನಾಲ್ಕು ದಿನ ತಾಮ್ರದಲ್ಲಿಟ್ಟು ನಂತರ ಸೋಂಕಿಲ್ಲದ ಇನ್ನೊಂದು ಹೊಸ ಟ್ಯಾಂಕಿಗೆ ಸಾಗಿಸುವ ಕ್ರಮವೊಂದಿದೆ. ಆಗ ಕೋಶಗಳು ಹಳೆಯ ಟ್ಯಾಂಕಿನಲ್ಲೇ ಉಳಿಯುತ್ತವೆ. ನಿಮ್ಮಲ್ಲಿ ಎರಡನೆಯ ಟ್ಯಾಂಕ್ ಇಲ್ಲ, ಆದ್ದರಿಂದ 30. ಗಂಡು ಕ್ಲೌನಿಗೆ ಹಸಿವು ಮಂದವಾಗುವುದು ತಾಮ್ರದಲ್ಲಿ ಸಾಮಾನ್ಯ. ಆಹಾರವನ್ನು ಸಣ್ಣದಾಗಿ ಕತ್ತರಿಸಿ, ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಿ, ಉಳಿದದ್ದನ್ನು ಕೂಡಲೇ ಹೀರಿ ತೆಗೆಯಿರಿ. ಮೂರು ದಿನ ಏನೂ ತಿನ್ನದಿದ್ದರೆ ಬರೆಯಿರಿ. ಅಮೋನಿಯಾವನ್ನು ನೀವು ನಿಭಾಯಿಸಿದ ರೀತಿ ನೋಡಿ ಸಂತೋಷವಾಯಿತು. ಎಷ್ಟೋ ಜನ ಅಲ್ಲಿಯೇ ಕೈಚೆಲ್ಲುತ್ತಾರೆ.


ನೀಲಿಗಾಜು:

ಹದಿನೇಳನೆಯ ದಿನ. ಕೆಟ್ಟ ಸುದ್ದಿ ಬರೆಯಬೇಕಾಗಿದೆ.

ಫೈರ್‌ಫಿಶ್ ಹೋಯಿತು. ರೋಗದಿಂದಲ್ಲ, ತಾಮ್ರದಿಂದಲೂ ಅಲ್ಲ. ಬಲೆಯ ಮುಚ್ಚಳ ಹಾಕಿದ್ದೆ, ಹೀಟರಿನ ವೈರ್ ಹಾಯಲು ಮೂಲೆಯಲ್ಲಿ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದೆ. ಬೆಳಿಗ್ಗೆ ಎದ್ದಾಗ ನೆಲದ ಮೇಲೆ, ಸ್ಟ್ಯಾಂಡಿನ ಕಾಲಿನ ಹತ್ತಿರ ಒಣಗಿ ಬಿದ್ದಿತ್ತು. ಆ ಎರಡು ಬೆರಳಿನ ಸಂದಿಯನ್ನು ಅದು ಹೇಗೆ ಹುಡುಕಿತೋ. ನೀವು ಮುಚ್ಚಳದ ಬಗ್ಗೆ ಬರೆದ ಸಾಲನ್ನು ಮತ್ತೆ ಓದಿದೆ. ಕಲ್ಲಿನ ತೂತಿನಲ್ಲಿ ಕಂಡ ಆ ಬಾಲದ ತುದಿ ಕಣ್ಣಿಗೆ ಕಟ್ಟಿದೆ. ಅಷ್ಟು ಕಷ್ಟಪಟ್ಟು ಹಿಡಿದು ತಂದದ್ದು ಇದಕ್ಕೇ ಎಂಬ ಹಾಗಾಯಿತು. ಸಂದಿಯನ್ನು ಈಗ ಸ್ಪಂಜ್ ತುಂಡು ತುರುಕಿ ಮುಚ್ಚಿದ್ದೇನೆ. ಇದನ್ನು ಓದುವ ಬೇರೆಯವರಾದರೂ ಇವತ್ತೇ ಹೋಗಿ ತಮ್ಮ ಮುಚ್ಚಳದ ಮೂಲೆ ನೋಡಲಿ ಎಂದು ಬರೆಯುತ್ತಿದ್ದೇನೆ.

ಗಂಡು ಕ್ಲೌನ್ ತಿನ್ನಲು ಶುರು ಮಾಡಿದೆ. ತಾಮ್ರ 2.3.


ಹವಳಪ್ರಿಯ:

ಓದಿ ತುಂಬ ನೋವಾಯಿತು. ನನ್ನ ಎರಡು ಫೈರ್‌ಫಿಶ್ ಹೋದದ್ದೂ ಹೀಗೆಯೇ, ದೊಡ್ಡ ಟ್ಯಾಂಕಿನಿಂದ. ನಿಮ್ಮ ತಾಳ್ಮೆ ದೊಡ್ಡದು. ನಾನು ಮೊದಲು ಬೇರೆ ಮಾತು ಹೇಳಿದ್ದೆ, ಆದರೂ ಆ ಟ್ಯಾಂಗಿನ ಉಸಿರು ಇಳಿದದ್ದು ಓದಿ ಸಮಾಧಾನವಾಗಿತ್ತು. ನಿಲ್ಲಿಸಬೇಡಿ.


ನೀಲಿಗಾಜು:

ಎಲ್ಲರಿಗೂ ನಮಸ್ಕಾರ. ಮೂವತ್ತು ದಿನ ತಾಮ್ರ ಮುಗಿಸಿ, ನೀರು ಬದಲಿಸುತ್ತಾ ಹೋಗಿ ಅದನ್ನು ತೆಗೆದೆ. ಆಮೇಲೆ ಮೂರೂ ಮೀನು ಅದೇ ಬರಿಯ ಟ್ಯಾಂಕಿನಲ್ಲಿ ಆರು ವಾರ ಮದ್ದಿಲ್ಲದೆ ಇದ್ದವು. ಒಂದು ಚುಕ್ಕೆಯೂ ಬರಲಿಲ್ಲ. ಇದರ ನಡುವೆ ದೊಡ್ಡ ಟ್ಯಾಂಕಿನ 76 ದಿನಗಳೂ ಕಳೆದವು.

ಮೀನಿಲ್ಲದ ಆ ಟ್ಯಾಂಕನ್ನು ಮೊದಲ ಎರಡು ವಾರ ನೋಡಲೇ ಆಗುತ್ತಿರಲಿಲ್ಲ. ಸಿಗಡಿಗೆ ಎರಡು ದಿನಕ್ಕೊಮ್ಮೆ ಒಂದು ಚೂರು ಹಾಕಿ ಬರುತ್ತಿದ್ದೆ, ಅಷ್ಟೇ. ಒಂದು ತಿಂಗಳ ಮೇಲೆ ಗಾಜಿನ ಮೇಲೆ ಬಿಳಿಯ ಧೂಳಿನಂಥದ್ದು ಚಲಿಸುವುದನ್ನು ಕಂಡು ಎದೆ ಝಲ್ಲೆಂದಿತು. ಹತ್ತಿರ ಹೋಗಿ ಭೂತಗನ್ನಡಿ ಹಿಡಿದರೆ ಕೋಪೆಪಾಡ್ ಎಂಬ ಸಿಗಡಿಯ ದೂರದ ನಂಟಿನ ಪುಟ್ಟ ಜೀವಿಗಳು, ಸಾವಿರಗಟ್ಟಲೆ. ತಿನ್ನುವ ಮೀನಿಲ್ಲದೆ ಅವು ಗಾಜು, ಕಲ್ಲು, ಮರಳು ಎಲ್ಲವನ್ನೂ ತುಂಬಿಕೊಂಡಿದ್ದವು. ರಾತ್ರಿ ಟಾರ್ಚ್ ಹಾಕಿದರೆ ಕಲ್ಲಿನ ಸಂದಿಗಳಲ್ಲಿ ಅವಕ್ಕಿಂತ ತುಸು ದೊಡ್ಡ ಆಂಫಿಪಾಡ್‌ಗಳು ಗುಂಪುಗುಂಪಾಗಿ ಓಡುತ್ತಿದ್ದವು. ನಾಲ್ಕು ವರ್ಷ ನನ್ನ ಮನೆಯಲ್ಲೇ ಇದ್ದ ಜೀವಗಳನ್ನು ನಾನು ಆಗ ಮೊದಲ ಸಲ ಸರಿಯಾಗಿ ನೋಡಿದೆ.

ಟ್ಯಾಂಗ್ ಎರಡು ಬೆರಳು ಬೆಳೆದಿದೆ. ಅಲೆಗಣ್ಣು ಅವರ ಮಾತಿನಂತೆ 1,000 ಲೀಟರಿಗಿಂತ ದೊಡ್ಡ ಟ್ಯಾಂಕ್ ಇರುವ ಒಬ್ಬರಿಗೆ ಕೊಟ್ಟೆ. ಅವರೂ ಮೊದಲು ಬೇರೆ ಇಟ್ಟು ನೋಡುತ್ತಾರೆ, ಅದನ್ನು ಕೇಳಿಯೇ ಕೊಟ್ಟದ್ದು. ಕೊಡುವ ಹೊತ್ತಿಗೆ ಕೈ ನಡುಗಿತು.

ಕ್ಲೌನ್ ಜೋಡಿಯನ್ನು ನಿನ್ನೆ ಸಂಜೆ ದೊಡ್ಡ ಟ್ಯಾಂಕಿಗೆ ಬಿಟ್ಟೆ. ಗಂಡು ಹೋದ ಕೂಡಲೇ ಗಾಜಿನ ಮೇಲಿನ ಕೋಪೆಪಾಡ್‌ಗಳನ್ನು ಒಂದೊಂದಾಗಿ ಹೆಕ್ಕತೊಡಗಿತು. ಹೆಣ್ಣು ಒಂದು ಸುತ್ತು ಹಾಕಿ ನೋಡಿತು. ಕಲ್ಲುಗಳನ್ನು ನಾನು ಮೊದಲಿನಂತೆ ಜೋಡಿಸಿರಲಿಲ್ಲ, ಹೀಟರನ್ನೂ ಬಲಗಡೆಗೆ ಹಾಕಿದ್ದೆ. ದೀಪ ಆರಿದ ಮೇಲೆ ಅದು ಹಿಂಬದಿಯ ಎಡಮೂಲೆಗೇ ಹೋಗಿ, ಮರಳಿನ ಹತ್ತಿರ ವಾಲಿ ಮಲಗಿತು. ಬಹಳ ಹೊತ್ತು ಟಾರ್ಚ್ ಹಿಡಿದು ಬಾಲ ನೋಡಿದೆ, ರೆಕ್ಕೆ ನೋಡಿದೆ, ಕಿವಿರು ಎಷ್ಟು ಸಲ ಆಡುತ್ತದೆ ಎಂದು ಎಣಿಸಿದೆ. ನಿಧಾನವಾಗಿತ್ತು.


ಉಪ್ಪುಹನಿ:

ಇದನ್ನು ಎರಡು ಸಲ ಓದಿದೆ. ತುಂಬ ಸಂತೋಷ.

ತಾಮ್ರದ ಟ್ಯಾಂಕಿನಲ್ಲಿದ್ದ ಸ್ಪಂಜನ್ನು ಸಂಪ್‌ಗೆ ವಾಪಸು ಹಾಕಬೇಡಿ, ಹವಳ ಮತ್ತು ಸಿಗಡಿಗೆ ಅದು ಆಗದು. ಹೊಸ ಸ್ಪಂಜೊಂದನ್ನು ಈಗಲೇ ಸಂಪ್‌ನಲ್ಲಿ ಮುಳುಗಿಸಿಡಿ, ಒಂದು ತಿಂಗಳಾದರೂ ನೆನೆಯಲಿ. 80 ಲೀಟರಿನ ಟ್ಯಾಂಕನ್ನು ತೊಳೆದು ಪೂರ್ತಿ ಒಣಗಿಸಿ, ಒಣಗಿದರೆ ಕೋಶಗಳು ಉಳಿಯುವುದಿಲ್ಲ. ಇನ್ನು ಮುಂದೆ ಹವಳ ಅಥವಾ ಬಸವನಹುಳು ತಂದರೂ ಅದರ ಕಲ್ಲಿಗೆ, ಚಿಪ್ಪಿಗೆ ಕೋಶ ಅಂಟಿರಬಹುದು. ಅವೂ ಮೀನಿಲ್ಲದ ಬೇರೆ ನೀರಿನಲ್ಲಿ ಅದೇ 76 ದಿನ ಇದ್ದು ಬರಲಿ.